ಬೆಲ್ಲದೊಳಗೆ ಬಂದ ಪುಡಿ

ಬಕೆಟ್ಟಿನ ಬೂಸಾಕ್ಕೆ ಬಾಯಿ ಹಾಕಿದ್ದೇ ತಡ, ಚುಕ್ಕಿ ಎಂಬ ಹಸು ತಟ್ಟನೆ ತಲೆ ಎತ್ತಿತು. ಒಳಗೆ ಬೆಲ್ಲ! ಬೆಲ್ಲ ತಿನ್ನಿಸಿದಾಗಲೆಲ್ಲ ತನಗೆ ಸೂಜಿ ಚುಚ್ಚಿದ್ದನ್ನು ಅದು ಮರೆತಿರಲಿಲ್ಲ.

"ಯಾರಯ್ಯಾ ಒಳಗೆ ಅಡಗಿರುವುದು?"

"ನಾನು ತಾಯಿ, ಬೆಳ್ಳುಳ್ಳಿ ಮೆಂತ್ಯದ ಪುಡಿ. ನಿಮ್ಮ ತೇಗಿನ ಗಾಳಿಗೆ ಭೂಮಿ ಬಿಸಿಯಾಗುತ್ತಿದೆಯಂತೆ. ತೇಗು ತಗ್ಗಿಸಿ ಹಾಲು ಹೆಚ್ಚಿಸಲು ಬಂದಿದ್ದೇನೆ."

"ಒಳ್ಳೆಯದು ಮಾಡಲು ಬಂದವನಿಗೆ ಬೆಲ್ಲದ ಮರೆ ಏಕೆ? ಮುಖ ತೋರಿಸಿಕೊಂಡು ಬಾ, ಆಗ ನಂಬುತ್ತೇನೆ" ಎಂದ ಚುಕ್ಕಿ ಬಕೆಟ್ಟನ್ನು ಮಗುಚಿ ಹಾಕಿತು.

ಮರುದಿನ ಪುಡಿ ಬೆಲ್ಲವಿಲ್ಲದೆ, ಬೂಸಾದ ಮೇಲೆ ಎದ್ದು ಕಾಣುವಂತೆ ಬಂತು. ಚುಕ್ಕಿ ಮೂಸಿತು. ಬಕೆಟ್ಟಿನ ತಳದವರೆಗೆ ಮೂತಿ ಇಳಿಸಿ ಹುಡುಕಿತು. ಆಮೇಲೆ ಕಣ್ಣು ಕಿರಿದು ಮಾಡಿ ಕೇಳಿತು:

"ಬೆಲ್ಲವನ್ನು ಎಲ್ಲಿ ಬಚ್ಚಿಟ್ಟೆ?"