ಒಂಟಿಗೌಜಲ ಬಂಡೆ

ಊರ ಪಡುವಣ ಬಯಲಿನಲ್ಲಿ ಆನೆ ಮಲಗಿದಂಥ ಹಾಸುಬಂಡೆಯೊಂದಿದೆ. ಇಂಥ ಕಣ ದೇವೇಂದ್ರನಿಗೂ ಇಲ್ಲ, ಇಲ್ಲಿ ಜೋಳ ಹರವಿದರೆ ಸೂರ್ಯ ಬೇರೆ ಕೆಲಸ ಬಿಟ್ಟು ಇಲ್ಲೇ ಕೂರುತ್ತಾನೆ ಎನ್ನುತ್ತಾರೆ. ಇರಲಿ, ದೇವೇಂದ್ರನೇನು ಜೋಳ ಬೆಳೆಯುವವನಲ್ಲ. ಅದರ ಹೆಸರು ಒಂಟಿಗೌಜಲ ಬಂಡೆ.

ಹಿಂದೆ ಒಮ್ಮೆ ಹತ್ತೂರ ಗೌಡರು ಸೇರಿ ನಾಡಕೂಟ ಕಟ್ಟಿದರಂತೆ. ಕೂಟಕ್ಕೆ ಲಾಂಛನ ಬೇಕಲ್ಲ! ಸಿಂಹವೇ ಆಗಬೇಕೆಂದರು. ಸಿಂಹವನ್ನು ಕಂಡವರಿಲ್ಲ, ಬಡಿಗ ಕೆತ್ತಿದ್ದಕ್ಕೆ ಊರ ನಾಯಿಗಳೇ ಬಾಲ ಅಲ್ಲಾಡಿಸಿದವು. ಬೇಸತ್ತ ಬಡಿಗ ಕಣದಂಚಿನಲ್ಲಿ ಓಡಾಡುತ್ತಿದ್ದ ಗೌಜಲಹಕ್ಕಿಯನ್ನೂ ಅದರ ಮರಿಯನ್ನೂ ಮರದ ಮುದ್ರೆಯಲ್ಲಿ ಕೆತ್ತಿಕೊಟ್ಟ. ಕಾಳು ಕದಿಯುವ ಹಕ್ಕಿಯೇ ಕಾಳಿಗೆ ಕಾವಲಾಯಿತು. ಸುಗ್ಗಿಯ ರಾಶಿಗಳಿಗೆ ಹಸಿಮಣ್ಣು ಮೆತ್ತಿ ಆ ಮುದ್ರೆ ಒತ್ತಿದರೆ, ಹತ್ತೂ ಗೌಡರು ಕೂತು ಪಾಲು ಮಾಡುವವರೆಗೆ ಒಂದು ಕಾಳೂ ಅಲುಗುವಂತಿರಲಿಲ್ಲ. ಮುದ್ರೆ ಇದ್ದದ್ದು ಕಣ ಕಾಯುವ ಹುಲಿಗೆವ್ವನೆಂಬ ವಿಧವೆಯ ಕೈಯಲ್ಲಿ.

ಒಂದು ವರ್ಷ ನೆಲದೊಳಗೆ ಕಾಳು ಕೂಡಿಡುವ ಹಗೇವುಗಳೆಲ್ಲ ಬರಿದಾದ ಹೊತ್ತಿಗೆ ಸುಗ್ಗಿ ಬಂತು. ಗೌಡರೂ ಬಂದರು. ರಾಶಿಯ ಬಲಗಡೆ ಯಾರು ಕೂರಬೇಕೆಂದು ಜಗಳ ಹುಟ್ಟಿ, ಕಂಬಳಿ ಝಾಡಿಸಿಕೊಂಡು ಎದ್ದೂ ಹೋದರು. ರಾಶಿಯ ನೆರಳಲ್ಲೇ ಹುಲಿಗೆವ್ವನ ಮಗಳು ನಿಂಬಿ ಜ್ವರದಲ್ಲಿ ಮಲಗಿ ಅಂಬಲಿ ಕೇಳುತ್ತಿದ್ದಳು. ನೆರೆಯವರು ಕುದಿಸಿ ತಂದ ಸೊಪ್ಪು ಅವಳ ಗಂಟಲಲ್ಲಿ ಇಳಿಯಲಿಲ್ಲ.

"ಯಕ್ಕಾ, ಒಂದು ಬೊಗಸಿ ತಗೊಂಡು ಮತ್ತ ಒತ್ತಿಬಿಡು. ಮುದ್ರಿ ನಿನ್ನ ಕೈಯಾಗ ಐತಿ. ಹಕ್ಕಿ ಏನು ಚಾಡಿ ಹೇಳ್ತೈತೇನು?" ಎಂದಳು ನೆರೆಮನೆಯ ತಿಪ್ಪವ್ವ.

"ನನ್ನ ಕೈಯಾಗ ಐತಿ ಅಂತನ ಆಗೂದಿಲ್ಲವ್ವ. ನಾಳಿ ಬರ್ತಾರ."

ನಾಳೆ ಎಂಬುದು ದಿನವೂ ಬಂತು, ಗೌಡರು ಬರಲಿಲ್ಲ. ಹುಲಿಗೆವ್ವನ ಕೈ ಎಷ್ಟು ಸಲ ರಾಶಿಯವರೆಗೆ ಹೋಗಿ ಹಿಂದಕ್ಕೆ ಬಂತೋ ಅವಳಿಗೇ ಗೊತ್ತು. ಒಂದು ಮುಂಜಾನೆ ನಿಂಬಿ ಅಂಬಲಿ ಕೇಳುವುದನ್ನು ಬಿಟ್ಟಳು.

ಮಣ್ಣು ಮಾಡಿದ ಮೇಲೆ ರಾಜಿಯಾದ ಗೌಡರು ಬಂದು, "ಮುದ್ರಿ ಕೆಟ್ಟಿಲ್ಲಲ್ಲವಾ?" ಎಂದರು. "ಕೆಟ್ಟಿಲ್ಲ ಯಪ್ಪಾ, ನೋಡ್ಕೊಳ್ರಿ" ಎಂದ ಹುಲಿಗೆವ್ವ, ಸೊಂಟದ ಕುಡುಗೋಲು ತೆಗೆದು ಅವರ ಕಣ್ಣೆದುರೇ ಮುದ್ರೆಯ ಮರಿಯನ್ನು ಹೆರೆದುಹಾಕಿದಳು. ಹತ್ತೂ ತಲೆ ತಗ್ಗಿದವು. ಹೊಸ ಮುದ್ರೆ ಕೆತ್ತಿಸುವ ಎದೆ ಯಾರಿಗೂ ಬರಲಿಲ್ಲ.

ಕೂಟ ಎಂದೋ ಅಳಿಯಿತು. ಒಂಟಿ ಹಕ್ಕಿ ಮಾತ್ರ ಪಂಚಾಯ್ತಿಯ ಬೋರ್ಡಿನ ಮೇಲೆ, ಹಿಟ್ಟಿನ ಗಿರಣಿಯ ಬಾಗಿಲ ಮೇಲೆ, ಶಾಲೆಯ ಬಿಸಿಯೂಟದ ಹಂಡೆಯ ಮೇಲೆ ಇಂದಿಗೂ ಇದೆ. ಪಕ್ಕದ ಖಾಲಿ ಜಾಗದಲ್ಲಿ ಯಾವ ಪೇಂಟರೂ ಏನನ್ನೂ ಬರೆಯುವುದಿಲ್ಲ. ಬಂಡೆಯ ಮೇಲೂ ಹಕ್ಕಿಯನ್ನು ಕೊರೆದಿದ್ದಾರೆ. ಮರಿ ಇರಬೇಕಾದಲ್ಲಿ ಒಂದು ಕುಳಿ. ಕೂಟವಿಲ್ಲದಿದ್ದರೂ ಸುಗ್ಗಿಯಲ್ಲಿ ರಾಶಿಗೆ ಒಂಟಿ ಹಕ್ಕಿಯ ಮುದ್ರೆ ಒತ್ತುವ ರೂಢಿ ಉಳಿದಿದೆ; ಒತ್ತುವ ಮೊದಲು ಆ ಕುಳಿ ತುಂಬ ಜೋಳ ಸುರಿಯುತ್ತಾರೆ. ಯಾರ ಮಗುವೇ ಆಗಲಿ, ಯಾರನ್ನೂ ಕೇಳದೆ ಅದನ್ನು ಮಡಿಲಿಗೆ ತುಂಬಿಕೊಳ್ಳಬಹುದು.