ಹಳದಿ ಬಲ್ಬಿನ ದಾಕ್ಷಿಣ್ಯ

ದೀಪಾವಳಿಗೆಂದು ಅಟ್ಟದಿಂದ ಇಳಿಸಿದ ಹಳೇ ಸೀರಿಯಲ್ ಬಲ್ಬಿನ ಸೆಟ್ಟು ಉರಿಯಲಿಲ್ಲ. ರಿಪೇರಿಗೆ ಬಂದ ಇಕ್ಕಳ ಬಾಯಿ ತೆರೆಯಿತು: "ನಿಮ್ಮಲ್ಲಿ ಒಬ್ಬರು ಸುಟ್ಟುಹೋದರೂ ಸಾಲೆಲ್ಲ ಕತ್ತಲು. ಯಾರೆಂದು ಹೇಳಿ, ಅವರೊಬ್ಬರನ್ನೇ ತೆಗೆಯುತ್ತೇನೆ. ಹೇಳದಿದ್ದರೆ ಎಲ್ಲರನ್ನೂ ಕತ್ತರಿಸಿ ಎಸೆಯುತ್ತೇನೆ, ನನಗೆ ತಂತಿಯಷ್ಟೇ ಸಾಕು."

ಪಕ್ಕದ ಕೆಂಪು ಬಲ್ಬು ಸುಟ್ಟಿದ್ದು ಹಳದಿ ಬಲ್ಬಿಗೊಂದಕ್ಕೇ ಗೊತ್ತು.

"ಸುಮ್ಮನಿರೇ ತಂಗಿ, ಇಷ್ಟು ವರ್ಷ ಅಕ್ಕಪಕ್ಕ ಇದ್ದೋರಲ್ವಾ?" ಎಂದು ಕೆಂಪು ಪಿಸುಗುಟ್ಟಿತು.

ಹೇಳಲೋ ಬೇಡವೋ ಎಂದು ಹಳದಿ ಒದ್ದಾಡಿತು. ಹೇಳಿ ಕೆಟ್ಟವಳಾಗುವುದು ಯಾರಿಗೆ ಬೇಕು! ಅಷ್ಟರಲ್ಲಿ ಇಕ್ಕಳ ಆ ತುದಿಯಿಂದ ಕತ್ತರಿಸುತ್ತ ಬಂತು. ಒಳ್ಳೆಯ ಬಲ್ಬುಗಳೆಲ್ಲ ಪಟಪಟನೆ ಕಸದ ಡಬ್ಬಿಗೆ ಬಿದ್ದವು. ಕೊನೆಗೆ ಉಳಿದವರು ಇವರಿಬ್ಬರೇ.

"ಅಣ್ಣಾ, ಸುಟ್ಟಿದ್ದು ಇವಳು! ನಾನು ಚೆನ್ನಾಗಿದ್ದೇನೆ!" ಹಳದಿ ಕಿರುಚಿತು.

"ಇರಬಹುದು ತಾಯಿ," ಎಂದಿತು ಇಕ್ಕಳ. "ಈಗ ನಿನ್ನನ್ನು ಯಾರ ಜೊತೆ ಜೋಡಿಸಲಿ?"