ಫೋನಿಗೆ ಹೇಳಿದ ಸುಳ್ಳು

ಹೊಳೆಯ ದಂಡೆಯ ಮೇಲೊಂದು ಸಣ್ಣ ಮಠ. ಅಲ್ಲಿ ಚರಂತಜ್ಜ ಇದ್ದರು, ಎಂಬತ್ತು ದಾಟಿದ ಜೀವ.

ಅವರ ಬಳಿ ಹತ್ತು ವರ್ಷದಿಂದ ಬರುತ್ತಿದ್ದ ಶಿಷ್ಯ ಬಾಳಪ್ಪ. ಪಕ್ಕದ ಊರಿನ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರ. ವಯಸ್ಸು ನಲವತ್ತೊಂದು. ಮೈಕಟ್ಟು ನೋಡಿದರೆ ಪೈಲ್ವಾನನೇ ಸರಿ.

ಆ ವರ್ಷ ಬಾಳಪ್ಪ ಮಠಕ್ಕೆ ಬಂದರೂ ಅಜ್ಜನ ಎದುರು ಕೂರುತ್ತಿರಲಿಲ್ಲ. ನಮಸ್ಕಾರ ಮಾಡಿ ಹೊಳೆಗಿಳಿಯುತ್ತಿದ್ದ. ಬಂಡೆಯ ಮರೆಯಲ್ಲಿ ಒಬ್ಬನೇ ಕೂತು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತಿದ್ದ.

ಒಂದು ಮಧ್ಯಾಹ್ನ ಅಜ್ಜ ಅವನನ್ನು ಕರೆದರು.

“ಬಾಳಪ್ಪ, ಆ ಬಂಡಿ ಮರಿಗೆ ಕುಂತು ಏನು ಕೇಳ್ತಿ?”

“ಧ್ಯಾನದ ಪಾಠ ಅದಾವ್ರಿ ಅಜ್ಜಾರ.”

“ಮುಂಜಾನೆ ನಿನ್ನ ಹೆಂಡ್ತಿ ನೀಲವ್ವ ಬಂದಳು. ನನ್ನ ಗಂಡ ಫೋನು ಮುಚ್ಚಿಟ್ಟುಕೊಂಡು ತಿರಗ್ತಾನ, ಎಂಟು ತಿಂಗಳಾತು ನನ್ನ ಮಗ್ಗಲಿಗೆ ಬಂದಿಲ್ಲ, ಮತ್ತೊಬ್ಬಾಕಿ ಸಿಕ್ಕಾಳ ಅಂತ ಅತ್ತಳು. ಇನ್ನೂ ಮಠದ ಅಡಗಿಮನ್ಯಾಗ ಕುಂತಾಳ. ತವರಿಗೆ ಹೋಗ್ತೀನಿ ಅಂತಾಳ.”

ಬಾಳಪ್ಪನ ತಲೆ ಎದೆಗಿಳಿಯಿತು.

“ಮತ್ತೊಬ್ಬಾಕಿ ಇಲ್ರಿ.”

“ಹಂಗಾದ್ರ ಏನೈತಿ?”

ಬಾಳಪ್ಪ ಫೋನನ್ನು ಅಜ್ಜನ ಮುಂದೆ ಹಿಡಿದ.

“ನನಗ ಅಕ್ಷರ ಕಾಣೂದಿಲ್ಲ. ನೀನ ಹೇಳು.”

ಅವನು ನೆಲ ನೋಡುತ್ತಲೇ ಹೇಳಿದ. ಹೆಂಡತಿಯ ಜೊತೆ ಗಂಡನಿಗೆ ಆಗಬೇಕಾದದ್ದು ತನಗೆ ಆಗುತ್ತಿಲ್ಲ. ಮೊದಲು ಒಂದು ಸಲ ಹಾಗಾಯಿತು. ಮತ್ತೆ ಹಾಗೇ ಆದೀತೆಂಬ ಹೆದರಿಕೆಗೆ ಎರಡನೇ ಸಲವೂ ಆಯಿತು. ಆಮೇಲೆ ಹತ್ತಿರ ಹೋಗುವುದನ್ನೇ ಬಿಟ್ಟ. ಪೇಟೆಯಲ್ಲಿ ಡಾಕ್ಟರಿದ್ದಾರೆ, ಆದರೆ ಅಲ್ಲಿನ ಕಂಪೌಂಡರನ ಮಗ ತನ್ನದೇ ಶಾಲೆಯಲ್ಲಿ ಓದುತ್ತಾನೆ. ಅದಕ್ಕೇ ಫೋನಿನಲ್ಲಿ ಇದಕ್ಕೊಂದು ಆ್ಯಪ್ ಹುಡುಕಿ ಹಾಕಿಕೊಂಡ. ಹನ್ನೆರಡು ವಾರದ ಪಾಠ. ಉಸಿರಾಟ, ಕೆಳಗಿನ ಸ್ನಾಯು ಬಿಗಿಹಿಡಿದು ಬಿಡುವ ವ್ಯಾಯಾಮ, ನಿದ್ದೆಯ ಲೆಕ್ಕ, ಮನಸ್ಸಿನ ಅಂಜಿಕೆಗೆ ಒಂದಿಷ್ಟು ಮಾತು.

“ಉಪಯೋಗ ಆತೇನು?”

“ಮೊದಲ ನಾಕು ವಾರ ಸ್ವಲ್ಪ ಧೈರ್ಯ ಬಂದಿತ್ರಿ. ಆಮ್ಯಾಲೆ ಏನೂ ಇಲ್ಲ.”

“ಯಾಕ?”

“ಅದು ಪ್ರಶ್ನೆ ಕೇಳತೈತ್ರಿ. ಡಾಕ್ಟರಿಗೆ ತೋರಿಸೀರೇನು, ಸಕ್ಕರಿ ಕಾಯಿಲೆ, ಬಿಪಿ ನೋಡಿಸೀರೇನು ಅಂತ ಕೇಳ್ತು. ಹೌದು ಅಂತ ಒತ್ತಿದೆ. ಹೆಂಡತಿಗೆ ಗೊತ್ತೈತೇನು ಅಂತ ಕೇಳ್ತು. ಅದಕ್ಕೂ ಹೌದು ಅಂತ ಒತ್ತಿದೆ. ಐದನೇ ವಾರದಿಂದ ಗಂಡ-ಹೆಂಡ್ತಿ ಕೂಡಿ ಕುಂತು ಮಾಡೂ ಪಾಠರಿ. ನಾ ಒಬ್ಬನ ಕುಂತು ಮಾಡೀನಿ.”

“ಅಲ್ಲಿ ಕೇಳಾಕ ಮನುಷ್ಯಾರು ಯಾರೂ ಇರಲಿಲ್ಲ. ಆದ್ರೂ ಸುಳ್ಳ ಹೇಳಿದಿ.”

“ಯಂತ್ರದ ಮುಂದೂ ನಾಚಿಕಿ ಬಂತ್ರಿ.”

ಅಜ್ಜ ತಲೆಯಾಡಿಸಿದರು. “ಹೋಗು. ನೀಲವ್ವಗ ಹೇಳು.”

“ಅದೊಂದು ಆಗೂದಿಲ್ರಿ ಅಜ್ಜಾರ. ಹೊಳಿಗೆ ಹಾರು ಅನ್ರಿ, ಹಾರ್ತೀನಿ. ಇದನ್ನ ಹೇಳಿದ ಮ್ಯಾಲೆ ಆಕಿ ಕಣ್ಣಾಗ ನಾ ಏನು ಉಳೀತೀನಿ?”

ಅಜ್ಜ ಕೈ ಚಾಚಿದರು.

“ನನ್ನ ಎಬ್ಬಸು.”

ಬಾಳಪ್ಪ ರಟ್ಟೆ ಹಿಡಿದು ಎಬ್ಬಿಸಿದ. ಅಜ್ಜ ಕೂತಿದ್ದ ಚಾಪೆ ಒದ್ದೆಯಾಗಿತ್ತು. ಉಟ್ಟ ಧೋತರವೂ ಒದ್ದೆ. ಮೂತ್ರದ ವಾಸನೆ ಮೂಗಿಗೆ ಬಡಿಯಿತು. ಬಾಳಪ್ಪ ಗಕ್ಕನೆ ಮುಖ ತಿರುಗಿಸಿದ.

“ಈ ಕಡೆ ನೋಡು,” ಎಂದರು ಅಜ್ಜ. “ಎರಡು ವರ್ಷಾತು, ಹಿಡದ್ರ ನಿಲ್ಲೂದಿಲ್ಲ. ಮೊದಲ ಸಲ ಆದಾಗ, ಮಂದಿ ಎಲ್ಲಾ ಹೋಗೂತನಾ ಕುಂತಲ್ಲಿಂದ ಏಳಲಿಲ್ಲ. ಮರುದಿನದಿಂದ ಪ್ರವಚನ ನಿಲ್ಲಿಸಿದೆ. ಆರು ತಿಂಗಳು ಮೌನವ್ರತ ಅಂತ ಬರೆದು ತೋರಿಸಿದೆ. ಮಂದಿ ಆ ಸುಳ್ಳಿಗೂ ಕೈ ಮುಗದ್ರು.”

ಆ ಮೌನವ್ರತದ ಬಗ್ಗೆ ಬಾಳಪ್ಪ ತನ್ನ ಶಾಲೆಯ ಮಕ್ಕಳಿಗೆ ಅಭಿಮಾನದಿಂದ ಹೇಳಿದ್ದುಂಟು.

“ಒಳಗ ಗೂಟಕ್ಕ ಒಣಾ ಧೋತರ ಐತಿ. ತಾ.”

ಬಾಳಪ್ಪ ತಂದ. ಅಜ್ಜನ ಮೈ ಒರೆಸಿ ಉಡಿಸಿದ. ಒದ್ದೆಯದನ್ನು ಹೊಳೆಯಲ್ಲಿ ಒಗೆದು, ಹಿಂಡಿ, ತಂದು ಹರವಿದ.

“ಈಗ ಹೇಳು. ನಿನ್ನ ಕಣ್ಣಾಗ ನಾ ಏನು ಉಳದೆ?”

ಬಾಳಪ್ಪ ಬಗ್ಗಿ ಅಜ್ಜನ ಪಾದ ಹಿಡಿದುಕೊಂಡ.

“ಕಾಲು ಬಿಡು. ಅಡಗಿಮನಿಗೆ ಹೋಗು.”

ನೀಲವ್ವ ಗೋಡೆಗೊರಗಿ ಮೊಣಕಾಲು ತಬ್ಬಿ ಕೂತಿದ್ದಳು. ಇವನ ಕಡೆ ನೋಡಲಿಲ್ಲ. ಬಾಳಪ್ಪ ಹೊಸ್ತಿಲ ಬಳಿ ಕೂತ. ಬಹಳ ಹೊತ್ತು ಕೂತ. ಎರಡು ಸಲ ಎದ್ದು ಹೋಗಬೇಕೆನಿಸಿತು.

“ಮತ್ತೊಬ್ಬಾಕಿ ಯಾರೂ ಇಲ್ಲ,” ಎಂದ ಕೊನೆಗೆ. “ನನ್ನ ಕೈಲೆ ಆಗವಲ್ದು.”

ಅಷ್ಟು ಹೇಳುವಷ್ಟರಲ್ಲಿ ಅವನ ಕಿವಿ ಸುಟ್ಟುಹೋದಂತಾಗಿತ್ತು. ಫೋನನ್ನು ಅವಳ ಮುಂದೆ ನೆಲದ ಮೇಲಿಟ್ಟು, ಕಂಪೌಂಡರನಿಗೆ ಅಂಜಿ ಡಾಕ್ಟರ ಬಳಿ ಹೋಗದ್ದನ್ನೂ ಹೇಳಿದ. ನೀಲವ್ವ ಅದರಲ್ಲಿದ್ದದ್ದನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

“ನನ್ನ ಮೈ ನಿಮಗ ಹೇಸಿಗಿ ಬಂತು ಅಂದ್ಕೊಂಡಿದ್ದೆ,” ಎಂದಳು. “ಗರ್ಭಚೀಲದ ಆಪರೇಷನ್ ಆದ ಮ್ಯಾಲೆ ಹೊಟ್ಟಿ ಮ್ಯಾಲಿನ ಗಾಯದ ಗೆರಿ ನಿಮ್ಮ ಕಣ್ಣಿಗೆ ಬೀಳಬಾರದಂತ, ಇಷ್ಟೂ ತಿಂಗಳು ಬಚ್ಚಲದಾಗ ಚಿಲಕ ಹಾಕ್ಕೊಂಡ ಸೀರಿ ಉಟ್ಟೀನಿ.”

ಅವಳು ಹಾಗೆ ಗಾಯ ಮುಚ್ಚಿಕೊಳ್ಳುತ್ತಿದ್ದದ್ದು ಬಾಳಪ್ಪನಿಗೆ ಗೊತ್ತೇ ಇರಲಿಲ್ಲ. ಮೊದಲಿಗಿಂತ ಹೆಚ್ಚು ನಾಚಿಕೆಯಾಯಿತು. ಈ ಸಲದ್ದು ಬೇರೆ ನಾಚಿಕೆ.

“ಸೋಮವಾರ ಡಾಕ್ಟರಿಗೆ ತೋರಿಸೂಣು,” ಎಂದಳು ಅವಳು. “ಕಂಪೌಂಡರ್ ಇದ್ದರ ಇರವಲ್ಲನ್ಯಾಕ. ನಾನೂ ಬರ್ತೀನಿ.”

ಅವಳು ಮುಖ ತೊಳೆಯಲು ಹೊಳೆಗಿಳಿದಳು. ಬಾಳಪ್ಪ ಅಜ್ಜನ ಬಳಿ ಬಂದ.

“ಹೇಳಿದೆ ಅಜ್ಜಾರ.”

“ಹ್ಞೂಂ.”

ಅವನು ಹೋಗಲಿಲ್ಲ. ಇನ್ನೊಂದು ಮಾತು ಒಳಗೆ ಉಳಿದಿತ್ತು.

“ಔಷಧ, ಪಾಠ ಎಲ್ಲಾ ಆದ ಮ್ಯಾಲೂ ಇದು ನೆಟ್ಟಗಾಗದಿದ್ರ, ನಾ ಗಂಡಸ ಅನ್ನಿಸ್ಕೊತೀನೇನ್ರಿ?”

ಅಜ್ಜ ಹೊಳೆಯ ಕಡೆ ನೋಡಿದರು.

“ಆಕಿ ನಿನ್ನಿಯಿಂದ ಉಂಡಿಲ್ಲ. ಹೋಗಿ ಊಟಕ್ಕ ಕರಿ.”